ನೀರು ತಾಗಬಾರದ ಸರಕು

ಹೋದ ತಿಂಗಳು ಖಾನಾಪುರ ಸ್ಟೇಶನ್ನಿನಿಂದ ಹೊರಗೆ ಬಂದು ಕೊಡೆ ಬಿಚ್ಚುತ್ತಿದ್ದೆ. ಎದುರಿನ ವೆಲ್ಡಿಂಗ್ ಅಂಗಡಿಯವನು ತನ್ನ ಗ್ಯಾಸಿನ ಡಬ್ಬಿ ತೊಳೆದು, ಒಳಗಿನ ಬೆಳ್ಳನೆಯ ರಾಡಿಯನ್ನು ಗಟಾರಕ್ಕೆ ಸುರಿದ. ಮಳೆ ಜೋರಾಗಿಯೇ ಇತ್ತು. ರಾಡಿಯ ಮೇಲೆ ನೀರು ಬಿದ್ದದ್ದೇ ತಡ, ವಾಸನೆ ಗುಪ್ಪೆಂದು ಎದ್ದಿತು. ಕೊಳೆತ ಬೆಳ್ಳುಳ್ಳಿಯನ್ನು ಸುಣ್ಣದಲ್ಲಿ ಕಲಸಿದರೆ ಹೇಗಿರುತ್ತದೋ ಹಾಗೆ. ಕಾರ್ಬೈಡಿಗೆ ನೀರು ತಾಗಿದರೆ ಬರುವ ವಾಸನೆ ಅದು. ಆಟೋದವನು ಮೂಗಿಗೆ ಟವೆಲ್ಲು ಒತ್ತಿಕೊಂಡು, “ಲಗೂನ ಕುಂದರ್ರಿ ಮೇಡಂ, ಏನ್ ಹೊಲಸ ನಾತರೀ ಇದು” ಎಂದ. ನಾನು ಹತ್ತಲಿಲ್ಲ. ಹುಚ್ಚಿಯ ಹಾಗೆ ಎದೆ ತುಂಬ ಎಳೆದುಕೊಂಡು ನಿಂತೆ. ಇಂಥದ್ದನ್ನು ಮೂಸಬೇಡಿರಪ್ಪಾ ಎಂದು ಮಂದಿಗೆ ಹೇಳಿಕೊಡುವುದೇ ನನ್ನ ಹೊಟ್ಟೆಪಾಡು! ನನ್ನ ವಿದ್ಯಾರ್ಥಿಗಳು ಯಾರಾದರೂ ಅಲ್ಲಿದ್ದಿದ್ದರೆ ನನ್ನ ಮರ್ಯಾದೆಯೂ ಅದೇ ಗಟಾರದಲ್ಲಿ ಹರಿದುಹೋಗುತ್ತಿತ್ತು.

ಇದೇ ಊರಿನಲ್ಲಿ ನಾನೊಂದು ಮಳೆಗಾಲ ಕಳೆದಿದ್ದೇನೆ. ಆಗ ನನಗೆ ಇಪ್ಪತ್ತೈದು. ಕೆಮಿಸ್ಟ್ರಿಯಲ್ಲಿ ಬಿ.ಎಸ್ಸಿ. ಮಾಡಿಕೊಂಡು, ಮಗಳು ಸಾಲಿಯಲ್ಲಿ ಟೀಚರ್ ಆಗಲಿ ಎಂಬ ಅವ್ವನ ಆಸೆಗೆ ಎಳ್ಳುನೀರು ಬಿಟ್ಟು, ಬೆಳಗಾವಿಯ ಒಂದು ತರಬೇತಿ ಕೇಂದ್ರ ಸೇರಿಕೊಂಡಿದ್ದೆ. ಅಪಾಯಕಾರಿ ಸರಕು ಹೊರುವ ಲಾರಿಗಳ ಡ್ರೈವರುಗಳಿಗೆ ಅಲ್ಲಿ ಮೂರು ದಿನದ ತರಗತಿ. “ಲಾರಿ ಡ್ರೈವರಗೋಳಿಗೆ ಪಾಠಾ ಹೇಳ್ತಾಳಂತ ಬೀಗರ ಮುಂದ ಹೆಂಗ ಹೇಳ್ಲೆವಾ?” ಎಂದು ಅವ್ವ ಹಣೆ ಚಚ್ಚಿಕೊಂಡಿದ್ದಳು. ಆಗಿನ್ನೂ ಬೀಗರು ಯಾರೂ ಇರಲಿಲ್ಲ, ಆ ಮಾತು ಬೇರೆ.

ಬೆಳಗಾವಿ ಫೌಂಡ್ರಿಗಳ ಊರು. ತೇಜಾಬು ಎಂಬ ಆಸಿಡ್ಡು, ರಾಳ, ಸ್ಪಿರಿಟ್ಟು, ಗ್ಯಾಸು ದಿನಾಲೂ ಬಂದು ಹೋಗುತ್ತವೆ. ಇಂಥ ಮಾಲು ಹೊರುವವನಿಗೆ ಬರೀ ಲಾರಿ ಓಡಿಸಲು ಬಂದರೆ ಸಾಲದು, ಕಾನೂನು ಬೇರೆ ಇದೆ. ಅವನಿಗೆ ಓದು ಬರಹ ಬರಬೇಕು. ಮೂರು ದಿನ ಕೂತು ಕಲಿತು, ಪರೀಕ್ಷೆ ಪಾಸಾಗಿ, ಲೈಸನ್ಸಿನ ಮೇಲೆ ಆ ಬಗ್ಗೆ ಸರಕಾರಿ ಮೊಹರಿನ ಸಿಕ್ಕೆ ಹಾಕಿಸಿಕೊಳ್ಳಬೇಕು. ಗಾಡಿಯ ಮೇಲೆ ಮೂಲೆ ಮೇಲೆ ಮಾಡಿ ನಿಲ್ಲಿಸಿದ ಚೌಕದ ಪಾಟಿ, ಅಂದರೆ ಫಲಕ, ಇರಬೇಕು, ಅದರ ಬಣ್ಣ ಚಿತ್ರ ನೋಡಿದರೆ ಒಳಗೆ ಯಾವ ಜಾತಿಯ ಮಾಲು ಎಂದು ತಿಳಿಯಬೇಕು. ಮಾಲಿನ ನಾಲ್ಕಂಕಿಯ ನಂಬರು, ಅವಘಡವಾದರೆ ಕರೆಯುವ ಫೋನು, ಇನ್ನು ಕ್ಯಾಬಿನ್ನಿನಲ್ಲಿ ಏನಾದರೆ ಏನು ಮಾಡಬೇಕು ಎಂದು ಬರೆದ ಕಾರ್ಡು. ಜಗತ್ತಿನ ಅಪಾಯವನ್ನೆಲ್ಲ ಒಂಬತ್ತು ವರ್ಗ ಮಾಡಿಟ್ಟಿದ್ದಾರೆ. ನನಗೆ ಆಗ ಅದು ಬಹಳ ಹಿಡಿಸಿತ್ತು.

ಖಾನಾಪುರಕ್ಕೆ ನನ್ನನ್ನು ಕಳಿಸಿದ್ದು ಮಳೆಯ ದೆಸೆಯಿಂದ. ಗೋವಾ ಕಡೆಯ ಘಾಟು ಯಾವಾಗ ತೆರೆದಿರುತ್ತದೆ, ಯಾವಾಗ ಬಂದ್ ಆಗುತ್ತದೆ ಹೇಳಲು ಬರುವುದಿಲ್ಲ. ಲಾರಿಗಳು ಖಾನಾಪುರದಲ್ಲಿ ದಿನಗಟ್ಟಲೆ ನಿಲ್ಲುತ್ತಿದ್ದವು. ಡ್ರೈವರುಗಳು ಹೇಗೂ ಇಸ್ಪೀಟು ಆಡುತ್ತ ಕೂತಿರುತ್ತಾರೆ, ಅಲ್ಲೇ ಹೋಗಿ ಕಲಿಸಿದರಾಯಿತು ಎಂದು ನಮ್ಮ ಕೇಂದ್ರದ ಮುಖ್ಯಸ್ಥರು ಲೆಕ್ಕ ಹಾಕಿದರು. ಒಂದು ಟ್ರಾನ್ಸ್‌ಪೋರ್ಟಿನ ಲಾರಿ ಅಂಗಳ, ಅದರ ಬಾಜೂಕೆ ಹಳೆಯ ಹೆಂಚಿನ ಕಾರ್ಖಾನೆಯ ಗೋದಾಮು. ಆ ಗೋದಾಮೇ ನನ್ನ ಸಾಲಿ. ಜೂನಿನಿಂದ ವಾರಕ್ಕೊಂದು ಬ್ಯಾಚು. ಬೆಳಿಗ್ಗೆ ಬೆಳಗಾವಿಯಿಂದ ರೈಲು, ಸಂಜೆ ತಿರುಗಿ ರೈಲು. ಹೆಂಚು ಮಾಡುವ ಊರಿನಲ್ಲೇ ನಮ್ಮ ಗೋದಾಮಿನ ಹೆಂಚು ಸೋರುತ್ತಿತ್ತು ನೋಡ್ರಿ! ತರಗತಿಯ ಹಿಂದೆ ಹಗ್ಗ ಕಟ್ಟಿ ಅವರು ತಮ್ಮ ಅಂಗಿ ಲುಂಗಿ ಒಣಹಾಕುತ್ತಿದ್ದರು. ಮೂರು ದಿನವಾದರೂ ಒಣಗುತ್ತಿರಲಿಲ್ಲ.

ಮೊದಲ ದಿನವೇ ಶಿವಬಸು ಎಂಬ ದಪ್ಪ ಮೀಸೆಯ ಡ್ರೈವರು ಎದ್ದು ನಿಂತು, “ಅಕ್ಕೋರ, ನೀವು ಎಂದರ ಲಾರಿ ಹೊಡದೀರೇನ್ರಿ?” ಎಂದ. ನಮ್ಮ ಕಡೆ ಕಲಿಸುವ ಹೆಂಗಸು ಯಾರೇ ಇರಲಿ, ಅಕ್ಕೋರು. ಎಲ್ಲರೂ ಮುಸಿಮುಸಿ ನಕ್ಕರು. ನನಗೂ ಬಾಯಿ ಕಮ್ಮಿ ಇರಲಿಲ್ಲ.

“ಇಲ್ಲ. ನೀವು ಎಂದರ ತೇಜಾಬು ಮೈಮ್ಯಾಲೆ ಸುರಕೊಂಡೀರೇನು?”

“ಇಲ್ರೆಪಾ!”

“ಮತ್ತ ಅದು ಸುಡತೈತಂತ ಹೆಂಗ ನಂಬೀರಿ? ಯಾರೋ ಹೇಳಿದ್ದು ಕೇಳೇ ನಂಬೀರಲ್ಲ? ಹಂಗ ನಂದೂ ಕೇಳ್ರಿ, ಕುಂದರ್ರಿ.”

ಅವತ್ತಿನಿಂದ ಶಿವಬಸು ನನ್ನ ಪಕ್ಷ.

ಕೇಳುವುದೇನೋ ಕೇಳಿದರು, ತಲೆಯಲ್ಲಿ ನಿಲ್ಲಬೇಕಲ್ಲ! ಮೂರನೇ ದಿನ ಕೇಳಿದರೆ ಐದನೇ ವರ್ಗ ಎಂಟರಲ್ಲಿ, ಎಂಟು ಎರಡರಲ್ಲಿ. ತಲೆ ಕೆಟ್ಟುಹೋಯಿತು. ಆಗ ನಾನೊಂದು ಹಾಡು ಕಟ್ಟಿದೆ. ನಮ್ಮ ಓಣಿಯ ಮಠದಲ್ಲಿ ಸೋಮವಾರ ಸೋಮವಾರ ಹಾಡುವ ಭಜನೆಯ ಧಾಟಿ.

“ಒಂದು ಸಿಡಿಮದ್ದು, ಎರಡು ಗ್ಯಾಸು,
ಮೂರು ಉರಿಯೋ ಎಣ್ಣಿ, ನಾಕು ಉರಿಯೋ ಗಟ್ಟಿ,
ಐದು ಬೆಂಕಿಗಿ ಗಾಳಿ, ಆರು ವಿಷವೋ,
ಏಳು ಕಾಣದ ಕಿರಣ, ಎಂಟು ತೇಜಾಬೋ, ಒಂಬತ್ತು ಉಳಿದದ್ದೆಲ್ಲಾ!”

ಬೆಂಕಿ ಹತ್ತಿದರೆ ಏನು ಮಾಡಬೇಕು ಎಂಬುದಕ್ಕೆ ಎರಡನೇ ನುಡಿ. “ಮೂರಕ ನೊರಿ ಹಾಕೋ, ನಾಕಕ ನೀರ ಹಾಕೋ” ಎಂದು ಅದು ಸಾಗುತ್ತಿತ್ತು. ಇಪ್ಪತ್ತು ಇಪ್ಪತ್ತೈದು ಗಂಡಸರು ತೊಡೆ ತಟ್ಟಿಕೊಂಡು ಹಾಡಿದರೆ ಹೆಂಚು ಕಿತ್ತುಹೋಗಬೇಕು ಹಾಗೆ. ಶಿವಬಸು ತಾಳ ಹಿಡಿಯುತ್ತಿದ್ದ. ಬ್ಯಾಚಿಗೆ ಬ್ಯಾಚೇ ಪಾಸು! ಇನ್ಸ್‌ಪೆಕ್ಷನ್ನಿಗೆ ಬಂದ ಸಾಹೇಬರು ಕೇಳಿ, “ಭಾರೀ ಮಾಡೀರಿ ಬಿಡ್ರಿ” ಎಂದರು. ಸ್ಟೇಶನ್ನಿನ ಚಹಾದಂಗಡಿಯಲ್ಲೂ ಯಾರೋ ಗುನುಗುವುದು ಕೇಳಿದೆ. ನನ್ನ ಕಾಲು ನೆಲದ ಮೇಲೆ ಇರಲಿಲ್ಲ.

ಆ ಹಾಡಿಗೆ ಬಾಯಿ ಕೂಡಿಸದವನು ಒಬ್ಬನೇ, ನಾಮದೇವ. ಜಾಂಬೋಟಿ ಹತ್ತಿರದ ಹಳ್ಳಿಯವನು. ಮನೆಮಾತು ಮರಾಠಿ, ನನಗಿಂತ ನಾಲ್ಕೈದು ವರ್ಷ ದೊಡ್ಡವನು. ಅದೇ ಅಂಗಳದಲ್ಲಿ ಬದಲಿ ಡ್ರೈವರು. ಅಂದರೆ ಯಾರಾದರೂ ಬರದಿದ್ದರೆ ಇವನನ್ನು ಕರೆಯುವುದು, ಉಳಿದಂತೆ ಕಾಯುವುದು. ಬೆಳಗಾವಿಯಿಂದ ಗೋವಾದ ಗ್ಯಾಸ್ ಕಾರ್ಖಾನೆಗೆ ಕಾರ್ಬೈಡ್ ಒಯ್ಯುವ ಒಂದು ಸಣ್ಣ ಲಾರಿ ಆ ಅಂಗಳದಲ್ಲಿತ್ತು. ಅದರ ಡ್ರೈವರು ಕೆಲಸ ಬಿಡುವವನಿದ್ದ. ಸರ್ಟಿಫಿಕೇಟು ಇದ್ದವನಿಗೆ ಆ ಗಾಡಿ ಕಾಯಂ ಎಂದು ಮಾಲಕರು ಹೇಳಿದ್ದರು. ನಾಮದೇವನಿಗೆ ಅದು ಬೇಕಾಗಿತ್ತು, ಜೀವ ಹೋಗುವಷ್ಟು ಬೇಕಾಗಿತ್ತು. ಹನ್ನೊಂದು ವರ್ಷದಿಂದ ಬೇರೆಯವರ ಗಾಡಿಯಲ್ಲಿ ಬೇರೆಯವರ ಬದಲು ಕೂತವನು. ಬ್ಯಾಚುಗಳೆಲ್ಲ ಮೊದಲೇ ತುಂಬಿದ್ದರಿಂದ ಹೆಸರು ಹಚ್ಚಲು ಆಗಸ್ಟಿನ ಒಂದು ಬ್ಯಾಚಿನಲ್ಲಿ ಜಾಗ ಸಿಕ್ಕಿತು. ಅಲ್ಲಿಯವರೆಗೆ ಅವನು ಪ್ರತಿ ಬ್ಯಾಚಿನಲ್ಲೂ ಹಿಂದೆ ಬಂದು, ಬಾಗಿಲ ಹತ್ತಿರದ ಹೆಂಚಿನ ರಾಶಿಯ ಮೇಲೆ ಕೂತು ಕೇಳುತ್ತಿದ್ದ.

ಸಂಜೆ ನನ್ನ ಚಾರ್ಟುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಹೊತ್ತುಕೊಂಡು ಸ್ಟೇಶನ್ನಿನವರೆಗೆ ಬರುತ್ತಿದ್ದ. ನನ್ನ ಕೊಡೆ ನನಗೆ, ಅವನ ಕೊಡೆ ಚಾರ್ಟಿಗೆ. ತಾನು ತೊಯ್ಸಿಕೊಳ್ಳುತ್ತಿದ್ದ. ದಿನಕ್ಕೊಂದು ಪ್ರಶ್ನೆ ಇದ್ದೇ ಇರುತ್ತಿತ್ತು.

“ಅಕ್ಕೋರ, ಐದನೇ ವರ್ಗದ್ದು ತಾನು ಉರಿಯೂದಿಲ್ಲ ಅಂತೀರಿ. ಮತ್ತ ಅದನ್ಯಾಕ ಅಪಾಯದಾಗ ಹಾಕ್ಯಾರ?”

“ತಾನು ಉರಿಯೂದಿಲ್ಲ, ಬಾಜುದವರನ್ನ ಉರಸತೈತಿ.”

“ನಮ್ಮ ಸೋದರತ್ತಿ ಹಂಗ ಅದಾಳ್ರಿ.”

ನಕ್ಕು ನಕ್ಕು ನನಗೆ ಕೆಮ್ಮು ಬಂತು. “ನಿಮಗ ದಿನಾ ಒಂದು ಪ್ರಶ್ನಿ ಎಲ್ಲಿಂದ ಬರತೈತಿ?” ಎಂದೆ. “ರಸ್ತಾದಾಗ ಬರತಾವ್ರಿ. ಕೈ ಗಾಡಿ ನಡಸತಾವ, ತಲಿ ಖಾಲೀನ ಇರತೈತಲ್ರಿ” ಎಂದ. ಹೇಳಿಯೇ ಬಿಡುತ್ತೇನೆ, ಆ ಮಳೆಗಾಲದಲ್ಲಿ ನಾನು ಬೆಳಗಾವಿಯಿಂದ ರೈಲು ಹತ್ತುತ್ತಿದ್ದದ್ದು ಪಾಠ ಹೇಳುವುದಕ್ಕಲ್ಲ, ಸಂಜೆಯ ಆ ಹತ್ತು ನಿಮಿಷದ ದಾರಿಗೆ. ಅದು ನನಗೆ ಗೊತ್ತಿತ್ತು. ಲಿಂಗಾಯತರ ಮನೆಯ ಹುಡುಗಿ, ಮರಾಠಿ ಮಾತಾಡುವ ಲಾರಿ ಡ್ರೈವರು ಎಂದು ಎಲ್ಲ ಗೊತ್ತಿತ್ತು. ರೈಲು ತಡವಾದರೆ ಖುಷಿಯಾಗುತ್ತಿತ್ತು.

ಜುಲೈ ಕೊನೆಯಲ್ಲಿ ಒಂದು ಸಂಜೆ ಪ್ಲಾಟ್‌ಫಾರ್ಮಿನಲ್ಲಿ ಅವನು ಚಾರ್ಟು ಬಿಚ್ಚಿ ನಾಲ್ಕನೇ ವರ್ಗದ ಮೇಲೆ ಬೆರಳಿಟ್ಟ.

“ಮೂರೂ ಪಾಟಿ ನಾಕನೇದ್ದಾ ಅಂದ್ರ ಬಣ್ಣ ಯಾಕ ಬ್ಯಾರೆ ಅದಾವ್ರಿ? ಒಂದು ಕೆಂಪು ಪಟ್ಟಿ, ಒಂದು ಅರ್ಧಾ ಬಿಳೇದು, ಒಂದು ನೀಲಿ.”

ನಾನು ಹೇಳಿದೆ. ಕೆಂಪು ಪಟ್ಟಿಯದು ಸುಲಭಕ್ಕೆ ಉರಿಯುವ ಗಟ್ಟಿ ಮಾಲು, ಎರಡನೆಯದು ತನ್ನಷ್ಟಕ್ಕೆ ಹೊತ್ತಿಕೊಳ್ಳುವಂಥದು, ನೀಲಿಯದು ನೀರು ತಾಗಿದರೆ ಉರಿಯುವ ಗ್ಯಾಸು ಬಿಡುವಂಥದು. ಕಾರ್ಬೈಡ್ ಈ ನೀಲಿಯದು.

“ಹಂಗಿದ್ರ ಹಾಡಿನಾಗ ನಾಕಕ್ಕ ನೀರು ಹಾಕೋ ಅಂತೀರಲ್ರಿ?”

“ಹಾಡಿನಾಗ ಎಲ್ಲಾ ಹಿಡಸೂದಿಲ್ಲ ನಾಮದೇವ. ಧಾಟಿ ಕೆಡತೈತಿ. ನೀಲಿಗೆ ನೀರು ಬ್ಯಾಡಂತ ನಾ ಬಾಯಿಲೆ ಹೇಳೇನಲ್ಲ?”

“ಬಾಯಿಲೆ ಹೇಳಿದ್ದು ಮಂದಿ ಬಿಟ್ಟು ಹೋಗತಾರ್ರಿ. ಹಾಡು ಒಯ್ತಾರ.”

ಅದು ಖರೇ ಮಾತು. ಖರೇ ಎಂದು ಆಗಲೇ ಅನ್ನಿಸಿತ್ತು, ಅದಕ್ಕೇ ಮೈ ಉರಿಯಿತು. ಸಾಹೇಬರು ಹೊಗಳಿದ ಹಾಡು ನನ್ನದು! “ನಾಳಿಂದ ನೀವಾ ಬಂದು ಕಲಸ್ರಿ” ಎಂದು ಚಾರ್ಟು ಕಸಿದುಕೊಂಡು ರೈಲು ಹತ್ತಿದೆ. ಆಮೇಲೆ ಅವನು ಅಂಗಳದಲ್ಲಿ ನಾಲ್ಕು ಮಂದಿಗೆ, “ಕಾರ್ಬೈಡಿನ ಗಾಡಿ ಹೊಡೀವರು ಹಾಡ ನಂಬಬ್ಯಾಡ್ರಿ, ಕಾರ್ಡ ಓದ್ರಿ” ಎಂದನಂತೆ. ಅದು ನನ್ನ ಕಿವಿಗೂ ಬಿತ್ತು. ಬೇರೆ ಯಾರಾದರೂ ಅಂದಿದ್ದರೆ ಸಹಿಸಿಕೊಳ್ಳುತ್ತಿದ್ದೆನೋ ಏನೋ, ಅವನು ಅಂದದ್ದು ತಡೆಯಲಾಗಲಿಲ್ಲ. ಒಂದು ವಾರ ಚಾರ್ಟು ನಾನೇ ಹೊತ್ತುಕೊಂಡು ಹೋದೆ.

ಆಗಸ್ಟಿನ ಆ ಬ್ಯಾಚಿನಲ್ಲಿ ಅವನೂ ಶಿವಬಸುವೂ ಕೂಡಿಯೇ ಪರೀಕ್ಷೆಗೆ ಕೂತರು. ಶಿವಬಸು ಅಷ್ಟು ವಾರ ತಾಳ ಹಾಕಿದ್ದು ಬರೀ ಪುಕ್ಕಟೆ, ಅವನೂ ಹೆಸರು ಹಚ್ಚಿದ್ದು ಈಗಲೇ. ಇಪ್ಪತ್ತು ಪ್ರಶ್ನೆ. ಜೀವದ ಮಾತು ಅಲ್ಲವೇ, ಹದಿನೆಂಟು ಬಂದರೆ ಮಾತ್ರ ಪಾಸು. ಇಂಗ್ಲಿಷ್ ಶಬ್ದಗಳ ಎರಡು ಪ್ರಶ್ನೆಯಲ್ಲಿ ನಾಮದೇವ ತಪ್ಪಿದ್ದ. ಹದಿನಾಲ್ಕನೆಯ ಪ್ರಶ್ನೆ, ನಾಲ್ಕನೇ ವರ್ಗದ ಸರಕಿಗೆ ಬೆಂಕಿ ಹತ್ತಿದರೆ ಏನು ಹಾಕಬೇಕು? ನಾನೇ ಬರೆದಿಟ್ಟುಕೊಂಡ ಉತ್ತರದ ಹಾಳೆಯಲ್ಲಿ ಒಂದೇ ಶಬ್ದ, ನೀರು. ಅವನು ಮರಾಠಿಯಲ್ಲಿ ಐದು ಸಾಲು ಬರೆದಿದ್ದ. ಬೆಳಗಾವಿಯಲ್ಲಿ ಬೆಳೆದವಳಿಗೆ ಓದಲು ಏನು ತೊಂದರೆ? ಮೊದಲು ಪಾಟಿಯ ಬಣ್ಣ ನೋಡಬೇಕು. ನೀಲಿ ಇದ್ದರೆ ನೀರು ಹಾಕಲೇಬಾರದು. ಒಣ ಮರಳು ಹಾಕಬೇಕು. ಮಳೆಗಾಲದಲ್ಲಿ ನಮ್ಮ ಜಾಂಬೋಟಿ ಕಡೆ ಒಣ ಮರಳು ಎಲ್ಲೂ ಸಿಗುವುದಿಲ್ಲ, ಆದ್ದರಿಂದ ಒಲೆಯ ಬೂದಿ ನಡೆಯುತ್ತದೆ.

ಬೂದಿಯಂತೆ ಬೂದಿ! ಯಾವ ಪುಸ್ತಕದಲ್ಲಿದೆ? ಕೆಂಪು ಪೆನ್ನಿನಿಂದ ಅಡ್ಡ ಗೆರೆ ಎಳೆದೆ. ಹದಿನೇಳು. ಆ ಗೆರೆಯನ್ನು ಸ್ಕೇಲು ಇಟ್ಟು ನೇರಕ್ಕೆ ಎಳೆದೆ ಎಂಬುದನ್ನೂ ಇಲ್ಲಿ ಬರೆದಿಡಬೇಕು.

ಫಲಿತಾಂಶದ ದಿನ ಅವನು ಎಲ್ಲರೂ ಹೋಗುವವರೆಗೆ ಕಾದು ಬಂದ. “ಅಕ್ಕೋರ, ಹದಿನಾಲ್ಕನೇ ಪ್ರಶ್ನಿ ಒಂದ ಸಲ ನೋಡ್ರಿ” ಎಂದ. ನಾನು ತಲೆ ಎತ್ತದೆ, “ಮುಂದಿನ ತಿಂಗಳ ಬ್ಯಾಚಿಗೆ ಕೂಡ್ರಿ” ಎಂದೆ. “ಅಲ್ಲೀತನಕಾ ಗಾಡಿ ನಿಲ್ಲೂದಿಲ್ರಿ” ಎಂದ. ನಾನು ಕಾಗದ ಹೊಂದಿಸುತ್ತಲೇ ಇದ್ದೆ. “ಹೂನ್ರಿ” ಎಂದು ಹೋದ. ಕಾರ್ಬೈಡ್ ಗಾಡಿ ಶಿವಬಸುವಿಗೆ ಸಿಕ್ಕಿತು. ನಾಮದೇವ ನಾಟಿಗೆ ಊರಿಗೆ ಹೋದನೆಂದು ಯಾರೋ ಹೇಳಿದರು.

ಹತ್ತು ದಿನ ಕಳೆದಿರಬೇಕು. ಬೆಳಿಗ್ಗೆ ಗೋದಾಮಿನ ಬಾಗಿಲು ತೆಗೆಯುವಾಗ ಶಿವಬಸು ಬಂದು ನಿಂತ. ಮುಖಕ್ಕೆ ಪಟ್ಟಿ, ಆ ಮೀಸೆ ಒಂದು ಕಡೆ ಸುಟ್ಟುಹೋಗಿತ್ತು. ಅವನ ಬಾಯಿಂದಲೇ ಕೇಳಿದೆ.

“ನಿನ್ನಿ ಮಧ್ಯಾಹ್ನರೀ ಅಕ್ಕೋರ. ಜಾಂಬೋಟಿ ಇನ್ನ ಎರಡ ಮೈಲ ಐತಿ ಅನ್ನೂವಾಗ ಬೆಳ್ಳೊಳ್ಳಿ ನಾತ ಬಂತು. ಹೇರೂವಾಗ ಒಂದ ಡ್ರಮ್ಮಿನ ಮುಚ್ಚಳಕ್ಕ ಪೆಟ್ಟ ಬಿದ್ದಿತ್ತ ಕಾಣಸತೈತಿ, ತಾಡಪತ್ರಿ ಹರದು ಮಳಿನೀರು ಅದರಾಗ ಇಳದೈತಿ. ನಿಲ್ಲಿಸಿ ನೋಡ್ತೇನಿ, ಡ್ರಮ್ಮಿನ ಬಾಯಾಗ ಬುಸ್ ಅಂತ ಉರಿ! ಕಾರ್ಡು ದೇವರ ಫೋಟೋದ ಹಿಂದ ಇತ್ರಿ. ತಗೀಲಿಲ್ಲ. ಹಾಡು ಬರತಿತ್ತಲ್ರಿ ನನಗ. ನಾಕಕ ನೀರ ಹಾಕೋ ಅಂತ ಹಾಡಕೋತನ ಒದರಿದ್ನಿ, ನೀರ ತರ್ರೋ, ನೀರ ತರ್ರೋ ಅಂತ. ಊರ ಮಂದಿ ಕೊಡಾ ಹೊತಗೊಂಡು ಓಡಿ ಬಂದ್ರು. ಮೊದಲನೇ ಕೊಡಾ ನಾನಾ ಹಾಕಿದ್ನಿ.”

ಉರಿ ಆಳೆತ್ತರ ಎದ್ದು ಅವನ ಮುಖಕ್ಕೆ ಹೊಡೆಯಿತು. ಇನ್ನೂ ಏಳೆಂಟು ಕೊಡ ಸಾಲಾಗಿ ನಿಂತಿದ್ದವು. ಆಗ ಗದ್ದೆಯಿಂದ ನಾಮದೇವ ಓಡಿಬಂದನಂತೆ, ಮೊಣಕಾಲವರೆಗೆ ಕೆಸರು. “ಪಾಣೀ ನಕೋ! ನೀರ ಬ್ಯಾಡ್ರೋ!” ಎಂದು ಎರಡೂ ಭಾಷೆಯಲ್ಲಿ ಕೂಗಿ ಕೊಡಗಳನ್ನು ಒದ್ದು ಕೆಡವಿದ. ಹೆಂಗಸರನ್ನು ಮನೆಮನೆಗೆ ಓಡಿಸಿ, ಒಲೆಯ ಬೂದಿಯನ್ನು ಮೊರದಲ್ಲಿ ತುಂಬಿ, ಪ್ಲಾಸ್ಟಿಕ್ ಚೀಲ ಮುಚ್ಚಿ ತರಿಸಿದ. ಗಾಡಿ ಹತ್ತಿ ಉಳಿದ ಡ್ರಮ್ಮುಗಳನ್ನು ದೂರ ಸರಿಸಿ ಬೂದಿ ಸುರಿದ. ಎಡಗೈ ಸುಟ್ಟುಕೊಂಡ. ಯಾರ ಜೀವಕ್ಕೂ ಏನೂ ಆಗಲಿಲ್ಲ.

“ನಿಮ್ಮ ಹಾಡಿನಾಗ ಏನೋ ಒಂಚೂರ ಬಿಟ್ಟೈತ್ರಿ ಅಕ್ಕೋರ” ಎಂದ ಶಿವಬಸು. ಸಿಟ್ಟಿನಿಂದಲ್ಲ. ಉಪ್ಪಿಟ್ಟಿಗೆ ಉಪ್ಪು ಕಮ್ಮಿ ಎನ್ನುವವರ ಹಾಗೆ ಹೇಳಿದ. ಅವನು ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು. ಅವತ್ತು ನಾನು ಪಾಠ ಮಾಡಲಿಲ್ಲ. ಕಪಾಟಿನಿಂದ ಆ ಉತ್ತರ ಪತ್ರಿಕೆ ತೆಗೆದು, ನನ್ನ ಕೆಂಪು ಗೆರೆ ನೋಡಿಕೊಂಡು, ಸೋರುವ ಹೆಂಚಿನ ಕೆಳಗೆ ಕೂತು ಗಳಗಳ ಅತ್ತೆ.

ಬೆಳಗಾವಿಗೆ ಬಂದು ಮುಖ್ಯಸ್ಥರಿಗೆ ಎಲ್ಲ ಹೇಳಿದೆ. ಕೇಳಿ, ಕನ್ನಡಕ ತೆಗೆದಿಟ್ಟರು. “ಹಿಂಗ ಮಾಡ್ರಿ, ಹಾಡು ಬಂದ್ ಮಾಡಿಬಿಡ್ರಿ. ಕೈಬರಹದಾಗ ಮಾತ್ರ ಏನೂ ಕೊಡಬ್ಯಾಡ್ರಿ. ನಿಮ್ಮ ಉತ್ತರ ತಪ್ಪು ಅಂತಾತಂದ್ರ ಜೂನಿನಿಂದ ಆದ ಎಲ್ಲಾ ಬ್ಯಾಚೂ ತಪ್ಪಾಗತಾವ. ಮೊದಲ ನಿಮ್ಮ ನೌಕರೀನ ಹೋಗತೈತಿ. ಅಂವಾ ಮುಂದಿನ ತಿಂಗಳ ಮತ್ತ ಬರೀಲಿ, ಪಾಸಾಗತಾನ.” ಹೇಳುವುದೇನು, ಅವರದು ನನ್ನ ಮೇಲಿನ ಕಾಳಜಿಯೇ. ಆದರೆ ಅವನು ಮತ್ತೆ ಯಾಕೆ ಬರೆಯಬೇಕು? ಅವನು ಸರಿಯಾಗಿಯೇ ಬರೆದಿದ್ದ. ಅಲ್ಲೇ ಅವರ ಮೇಜಿನ ಮೇಲಿನ ಹಾಳೆ ತೆಗೆದುಕೊಂಡು, ಹದಿನಾಲ್ಕನೆಯ ಪ್ರಶ್ನೆಗೆ ನನ್ನ ಉತ್ತರ ತಪ್ಪು, ನಾಮದೇವನ ಉತ್ತರ ಸರಿ, ನನ್ನಿಂದ ಕಲಿತವರನ್ನೆಲ್ಲ ತಿರುಗಿ ಕರೆಸಬೇಕು ಎಂದು ಬರೆದು ಸಹಿ ಮಾಡಿ ಕೊಟ್ಟೆ. ನೌಕರಿ ಹೋಗಲಿಲ್ಲ. ಕಲಿತವರನ್ನೆಲ್ಲ ಕರೆಸಿ ಅರ್ಧ ಅರ್ಧ ದಿನ ಮತ್ತೆ ಹೇಳಿ, ನೀಲಿ ಪಾಟಿ ಎದುರಿಗೆ ಹಿಡಿದು, “ಇದಕ್ಕ ನೀರು ಹಾಕಬಾರ್ದು, ನನ್ನ ತಪ್ಪಾತು” ಎಂದು ಪ್ರತಿ ಸಲ ಅಂದೆ. ಅದು ಮುಗಿದ ಮೇಲೆ ಖಾನಾಪುರ ತಪ್ಪಿಸಿ ನನ್ನನ್ನು ಬೆಳಗಾವಿಯ ಆಫೀಸಿನಲ್ಲಿ ಕೂಡಿಸಿ, ಅಲ್ಲಿಯ ತರಗತಿಯಷ್ಟೇ ಕೊಟ್ಟರು.

ಸರ್ಟಿಫಿಕೇಟು ತಯಾರಾದ ಭಾನುವಾರ ನಾನೇ ಜಾಂಬೋಟಿ ಬಸ್ಸು ಹತ್ತಿದೆ. ಅವ್ವನಿಗೆ ಗೆಳತಿಯ ಮನೆ ಎಂದು ಹೇಳಿದ್ದೆ. ಹಸಿರು ಎಂದರೆ ಎಂಥ ಹಸಿರು ಆ ಗದ್ದೆ! ನೀರು ಎಂದರೆ ಎಲ್ಲೆಲ್ಲೂ ನೀರು. ಅವನ ತಾಯಿ ನನ್ನನ್ನು ನೋಡಿ ಗಾಬರಿಯಾಗಿ, “ಬಸ ಗ ಬಾಯ್, ಬಸ” ಎಂದು ಮಣೆ ಕೊಟ್ಟು ಒಲೆಯ ಹತ್ತಿರವೇ ಕೂಡಿಸಿದಳು. ಸೆರಗಿನಿಂದ ನನ್ನ ತಲೆ ಒರೆಸಿದಳು. ನಾಮದೇವ ಬಂದ. ಎಡಗೈಗೆ ಬಟ್ಟೆ ಸುತ್ತಿತ್ತು. ಸರ್ಟಿಫಿಕೇಟನ್ನು ಪ್ಲಾಸ್ಟಿಕ್ಕಿನಿಂದ ಬಿಚ್ಚಿ ಕೊಟ್ಟೆ.

“ಒಂದ ಮಾರ್ಕ ಕೊಡಾಕ ಇಲ್ಲೀತನಕಾ ಬಂದ್ರೇನ್ರಿ? ಟಪಾಲಿಗೆ ಹಾಕಬೇಕಿತ್ತು” ಎಂದು ನಕ್ಕ.

“ತಪ್ಪು ನನ್ನದು ನಾಮದೇವ. ನನಗ ಆಗಲೇ ಗೊತ್ತಿತ್ತು. ಸಿಟ್ಟಿಗೆ ಗೆರಿ ಹೊಡದ್ನಿ” ಎಂದೆ.

“ನನಗೂ ಗೊತ್ತಿತ್ರಿ ಸಿಟ್ಟಿಗೆ ಹೊಡದೀರಂತ. ಇಲ್ಲಾಂದ್ರ ನೀವು ಹಂಗ ತಲಿ ಕೆಳಗ ಹಾಕಿ ಮಾತಾಡವ್ರಲ್ಲ.”

ತಾಯಿ ಚಹಾ ಕೊಟ್ಟಳು. ಬಸ್ಸಿಗೆ ಇನ್ನೂ ಒಂದು ತಾಸು ಇತ್ತು. ಪಡಸಾಲೆಯಲ್ಲಿ ಕೂತು ಮಳೆ ನೋಡುತ್ತ ಏನೇನೋ ಮಾತಾಡಿದೆವು. ನನ್ನ ಬದುಕಿನಲ್ಲಿ ಅಷ್ಟು ಹಗುರಾಗಿ ನಾನು ಎಲ್ಲೂ ಕೂತಿಲ್ಲ. ಶಿವಬಸು ಕಾರ್ಬೈಡಿನ ಸಹವಾಸವೇ ಬೇಡವೆಂದು ತನ್ನ ಹಳೆಯ ಗಾಡಿಗೆ ಮರಳಿದ್ದಾನೆ, ಇನ್ನು ಇವನಿಗೆ ಕಾರ್ಬೈಡ್ ಗಾಡಿ ಸಿಗುತ್ತದೆ, ವಾರಕ್ಕೆ ಮೂರು ಸಲ ಬೆಳಗಾವಿಗೆ ಹೇರಲು ಬರುತ್ತಾನೆ, ನಮ್ಮ ಆಫೀಸಿನ ಮುಂದೆಯೇ ಹಾದುಹೋಗುತ್ತಾನೆ ಎಂದು ಲೆಕ್ಕ ಹಾಕುತ್ತ ಬಂದೆ. ಬಸ್ಸಿನ ಕಿಟಕಿಯಲ್ಲಿ ನೀರು ಹೊಡೆದರೂ ಮುಚ್ಚಲಿಲ್ಲ.

ಕಾರ್ಬೈಡ್ ಗಾಡಿ ಮತ್ತೆ ಓಡಲೇ ಇಲ್ಲ. ಆ ಅವಘಡ ಆದಮೇಲೆ ಗಿರಾಕಿಗಳು ಬೇರೆ ಟ್ರಾನ್ಸ್‌ಪೋರ್ಟ್ ನೋಡಿಕೊಂಡರು. ಅದೇ ಹೊತ್ತಿಗೆ ಗುಜರಾತಿನ ಭರೂಚದ ಕಡೆ ಟ್ಯಾಂಕರುಗಳಿಗೆ ಸರ್ಟಿಫಿಕೇಟು ಇದ್ದ ಡ್ರೈವರು ಬೇಕಾಗಿದ್ದಾರೆಂದು ಮಾಲಕರಿಗೆ ಸುದ್ದಿ ಬಂತು. ಕಾಯಂ ಕೆಲಸ. ಸರ್ಟಿಫಿಕೇಟು ಇದ್ದ, ಗಾಡಿ ಇಲ್ಲದ ಡ್ರೈವರು ಆ ಅಂಗಳದಲ್ಲಿ ಒಬ್ಬನೇ ಇದ್ದ. ದಸರೆಗೆ ಮೊದಲೇ ನಾಮದೇವ ಹೋದ. ನನ್ನ ಸಹಿ ಹೊತ್ತುಕೊಂಡು ಹೋದ. ಇದನ್ನು ಯಾರ ಮುಂದೂ ಹೇಳಿಲ್ಲ, ಆ ಒಂದು ಮಾರ್ಕು ಕೊಡದೆ ಇದ್ದಿದ್ದರೆ ಅವನು ಅಲ್ಲೇ ಇರುತ್ತಿದ್ದನಲ್ಲ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಯೋಚಿಸಿ ನಾಚಿಕೊಂಡಿದ್ದೇನೆ. ಮರುದಿನ ಮತ್ತೆ ಯೋಚಿಸಿದ್ದೇನೆ.

ಕಾನೂನು ನನಗೆ ವರ್ಷಕ್ಕೊಂದು ದಿನ ಕೊಟ್ಟಿತ್ತು. ಆ ಕಾಲದಲ್ಲಿ ಲೈಸನ್ಸಿನ ಆ ಸಿಕ್ಕೆ ಒಂದೇ ವರ್ಷ ನಡೆಯುತ್ತಿತ್ತು. ವರ್ಷ ತುಂಬಿದ ಮೇಲೆ ಒಂದು ದಿನ ಬಂದು ಕೂತು, ಮತ್ತೆ ಕೇಳಿ, ಹೊಸದು ಮಾಡಿಸಿಕೊಳ್ಳಬೇಕು. ಈಗ ಮೂರು ವರ್ಷಕ್ಕೊಮ್ಮೆ ಎಂದು ಮಾಡಿದ್ದಾರೆ, ಡ್ರೈವರುಗಳಿಗೆ ಅನುಕೂಲ. ಆಗಲೇ ಹಾಗೆ ಮಾಡಿದ್ದರೆ ನನಗೆ ಆ ಎರಡು ದಿನಗಳೂ ಸಿಗುತ್ತಿರಲಿಲ್ಲ. ಮೊದಲ ವರ್ಷ ಅವನು ತಾಯಿಯನ್ನು ನೋಡಲು ಬಂದವನು ಬೆಳಗಾವಿಯಲ್ಲಿ ಇಳಿದು, ಇಡೀ ದಿನ ಮೂರನೇ ಬೆಂಚಿನಲ್ಲಿ ಕೂತು ಹೋದ. ನಾನು ಅವತ್ತು ಎಂದಿಗಿಂತ ಚಂದ ಕಲಿಸಿದೆ. ಎರಡನೇ ವರ್ಷವೂ ಬಂದ. ಅಷ್ಟರಲ್ಲಿ ನಮ್ಮ ಮನೆಯಲ್ಲಿ ನನ್ನ ಮದುವೆ ಗೊತ್ತಾಗಿತ್ತು. ಹುಡುಗ ಸಾಂಬ್ರಾ ಊರಿನವರು, ಒಳ್ಳೆಯವರು. ಇವತ್ತಿಗೂ ಅವರ ಮೇಲೆ ನನ್ನ ತಕರಾರು ಏನೂ ಇಲ್ಲ.

ಆ ಎರಡನೇ ವರ್ಷದ ಸಂಜೆ ಎಲ್ಲರ ಕಾಗದಕ್ಕೂ ಸಹಿ ಮಾಡಿದೆ. ಅವನದನ್ನು ಕೊನೆಗೆ ಇಟ್ಟುಕೊಂಡಿದ್ದೆ. ಹೊರಗೆ ಮಳೆ ಹಿಡಿದಿತ್ತು. ಗೇಟಿನವರೆಗೆ ಜತೆಗೆ ಹೋದೆ.

“ಅವ್ವನ್ನ ಈ ಸಲ ಕರಕೊಂಡ ಹೊಂಟೇನ್ರಿ ಅಕ್ಕೋರ. ಅಲ್ಲೇ ಮನಿ ಹಿಡದೇನಿ. ಮುಂದಿನ ವರ್ಷದಿಂದ ಇದನ್ನೂ ಅಲ್ಲೇ ಮಾಡಸ್ಕೋತೇನಿ” ಎಂದ.

“ಚಲೋ ಆತು” ಎಂದೆ.

ಅವನು ಕೊಡೆ ಬಿಚ್ಚಲಿಲ್ಲ. ಕಾಗದವನ್ನು ಅಂಗಿಯ ಒಳಗೆ ಇಟ್ಟುಕೊಂಡು ನಿಂತಿದ್ದ. “ಇನ್ನೇನರ ಹೇಳೂದು ಐತೇನ್ರಿ?” ಎಂದ.

ಎರಡು ವರ್ಷದಿಂದ ಒಂದೊಂದು ಶಬ್ದ ಹೊಂದಿಸಿ ಇಟ್ಟುಕೊಂಡಿದ್ದೆ. ಕನ್ನಡದಲ್ಲಿ ಒಂದು ಸಲ, ಮರಾಠಿಯಲ್ಲಿ ಒಂದು ಸಲ ಬಾಯಿಪಾಠ ಮಾಡಿದ್ದೆ. ಬಾಯಿ ತೆಗೆದೆ.

“ಘಾಟಿನಾಗ ಗಾಡಿ ನ್ಯೂಟ್ರಲ್ ಮಾಡಿ ಇಳಸಬ್ಯಾಡ್ರಿ” ಎಂದೆ.

“ಇಲ್ರಿ ಅಕ್ಕೋರ, ಇಳಸೂದಿಲ್ಲ” ಎಂದ. ಆಮೇಲೆ ಕೊಡೆ ಬಿಚ್ಚಿ ಹೋದ.